ಟ್ಯಾಂಕ್ ತುಂಬಿದ್ದರೆ ಉಸಿರು ಸಿಕ್ಕಿಬಿಡುತ್ತದೆಯೇ?

ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಕೋವಿಡ್‌ನ ಎರಡನೆಯ ಅಲೆಯ ವೇಳೆ, 2021ರ ಮೇ 2 ಮತ್ತು 3ರ ನಡುವೆ, ಸುಮಾರು 24 ಗಂಟೆಗಳಲ್ಲಿ 24 ಮಂದಿ ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿತ್ತು ಎಂದು ವರದಿ ಕೊಟ್ಟಿತು. ಅಂದಿನಿಂದ ಈ ಜಿಲ್ಲೆಯ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಅಂದು ಮೈಸೂರಿನಿಂದ ಸಿಲಿಂಡರ್ ಬರಲಿಲ್ಲ, ಅದಕ್ಕೇ ಜನ ಸತ್ತರು; ಆಸ್ಪತ್ರೆಯ ಅಂಗಳದಲ್ಲಿ ದೊಡ್ಡ ಟ್ಯಾಂಕ್ ನಿಂತರೆ ಇನ್ನು ಭಯವಿಲ್ಲ. ಭೀಮನಬೀಡಿನಂಥ ಹಳ್ಳಿಯಿಂದ ಗುಂಡ್ಲುಪೇಟೆಗೆ, ಅಲ್ಲಿ ಆಗದಿದ್ದರೆ ಚಾಮರಾಜನಗರಕ್ಕೋ ಮೈಸೂರಿಗೋ ರೋಗಿಯನ್ನು ಹೊತ್ತೊಯ್ಯಬೇಕಾದ ಮನೆಯವರು ಇದನ್ನು ನಂಬಿದರೆ ಅರ್ಥವಾಗುತ್ತದೆ. ಆಸ್ಪತ್ರೆ ಕಟ್ಟಿಸುವವರು, ಹಣ ಮಂಜೂರು ಮಾಡುವವರು, ಉದ್ಘಾಟನೆಗೆ ಬರುವವರು ಕೂಡ ಇದನ್ನೇ ನಂಬಿದ್ದಾರಲ್ಲ, ಅದನ್ನು ಸಹಿಸುವುದು ಕಷ್ಟ.

ಟ್ಯಾಂಕ್ ಎಂಬುದು ದಾಸ್ತಾನು. ರೋಗಿಗೆ ಬೇಕಿರುವುದು ಹರಿವು. ಈ ಎರಡರ ನಡುವೆ ಇರುವುದನ್ನೆಲ್ಲ ಮರೆತರೆ ಏನಾಗುತ್ತದೆ ಎಂಬುದಕ್ಕೆ ಚಾಮರಾಜನಗರಕ್ಕಿಂತ ಹನ್ನೆರಡು ದಿನ ಮೊದಲು, 2021ರ ಏಪ್ರಿಲ್ 21ರಂದು, ನಾಸಿಕ್‌ನ ಜಾಕಿರ್ ಹುಸೇನ್ ಆಸ್ಪತ್ರೆ ಸಾಕ್ಷಿಯಾಯಿತು. ಅಲ್ಲಿ ಟ್ಯಾಂಕ್ ಇತ್ತು, ತುಂಬಿಸಲು ಟ್ಯಾಂಕರೂ ಬಂದು ನಿಂತಿತ್ತು. ಸೋರಿಕೆಯಾಗಿ ಪೈಪಿನಲ್ಲಿ ಒತ್ತಡ ಕುಸಿಯಿತು. ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಸತ್ತರು. ಅಂಗಳದಲ್ಲಿ ಬಿಳಿ ಹೊಗೆಯಾಗಿ ಹರಡುತ್ತಿದ್ದದ್ದು ವಾರ್ಡಿಗೆ ತಲುಪಬೇಕಿದ್ದ ಆಮ್ಲಜನಕವೇ. ಟ್ಯಾಂಕೊಂದು ಕೈಕೊಟ್ಟರೆ ಆ ಕ್ಷಣವೇ ವಾರ್ಡಿಗೆ ಬೇರೆ ದಾರಿಯಿಂದ ಅನಿಲ ಬರಬೇಕು ಎಂಬುದು ಆಸ್ಪತ್ರೆಗೆ ಅನಿಲ ಪೂರೈಸುವ ವಿದ್ಯೆಯ ಮೊದಲ ಪಾಠ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7396-1 ಮೂರು ಮೂಲಗಳನ್ನು ಕೇಳುವುದು ಇದಕ್ಕೇ: ಮುಖ್ಯ ಮೂಲ, ಅದು ನಿಂತರೆ ತಾನಾಗಿ ಶುರುವಾಗುವ ಎರಡನೆಯದು, ಎರಡೂ ಕೈಬಿಟ್ಟಾಗ ಆಸರೆಯಾಗುವ ಮೂರನೆಯದು. ಮೂರನೆಯದನ್ನು ದುಂದುವೆಚ್ಚವೆಂದು ಕೈಬಿಡುವ ಅಂದಾಜುಪಟ್ಟಿಗೆ ಸಹಿ ಹಾಕುವವರು ಏನನ್ನು ಕಳೆಯುತ್ತಿದ್ದೇವೆಂದು ತಿಳಿದು ಹಾಕಲಿ.

ಲೆಕ್ಕ ನೋಡಿ. ಜಂಬೋ ಸಿಲಿಂಡರ್ ಎಂದು ಕರೆಯುವ ಡಿ-ಟೈಪ್ ಸಿಲಿಂಡರಿನಲ್ಲಿರುವುದು ಸುಮಾರು 7 ಘನ ಮೀಟರ್, ಅಂದರೆ 7000 ಲೀಟರ್ ಅನಿಲ. ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರ್ ಕೊಡುವ ಹೈ-ಫ್ಲೋ ಯಂತ್ರಕ್ಕೆ ಹಾಕಿದರೆ ಅದು ಎರಡು ಗಂಟೆ ತುಂಬುವ ಮೊದಲೇ ಖಾಲಿ. ಅಂಥ 20 ಯಂತ್ರ ಒಟ್ಟಿಗೆ ಓಡಿದರೆ ಗಂಟೆಗೆ ಹತ್ತು ಜಂಬೋ ಬೇಕು. ದ್ರವ ಆಮ್ಲಜನಕದ ಒಂದು ಲೀಟರ್ ಆವಿಯಾದರೆ ಸುಮಾರು 860 ಲೀಟರ್ ಅನಿಲವಾಗುತ್ತದೆ. ಹಾಗಾಗಿ 6000 ಲೀಟರಿನ ಟ್ಯಾಂಕ್ ನೋಡುವವರಿಗೆ ಕೆರೆಯಂತೆ ಕಾಣುತ್ತದೆ. ಆ 20 ಯಂತ್ರಗಳಿಗೆ ಅದು ಮೂರು ದಿನದ ಮಾತು. ಅದೂ ಪೂರ್ತಿ ತುಂಬಿದ್ದರೆ. ಇನ್ನು ಆ ದ್ರವ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ತಣ್ಣನೆಯದು. ಅದನ್ನು ಅನಿಲ ಮಾಡುವ ವೇಪರೈಸರ್ ಹೊರಗಿನ ಗಾಳಿಯ ಶಾಖವನ್ನೇ ನಂಬಿಕೊಂಡಿದೆ. ಮಿತಿ ಮೀರಿ ಎಳೆದರೆ ಅದರ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಶಾಖ ಒಳಹೋಗುವುದಿಲ್ಲ, ಟ್ಯಾಂಕ್ ತುಂಬಿದ್ದರೂ ಅನಿಲ ಸಾಲುವುದಿಲ್ಲ. ಎರಡು ವೇಪರೈಸರ್ ಇಟ್ಟು ಸರದಿಯಲ್ಲಿ ಓಡಿಸುವುದು ಅದಕ್ಕಾಗಿ.

ಅಲ್ಲಿಂದ ಮುಂದೆ ಪೈಪು. ಗೋಡೆಯ ಔಟ್‌ಲೆಟ್‌ನಲ್ಲಿ ಸುಮಾರು ನಾಲ್ಕು ಬಾರ್ ಒತ್ತಡ ಇರಬೇಕು. ವೆಂಟಿಲೇಟರುಗಳು ಅದನ್ನು ನಂಬಿ ಕೆಲಸ ಮಾಡುತ್ತವೆ. ಪೈಪಿನ ವ್ಯಾಸ ಅರ್ಧಕ್ಕಿಳಿದರೆ ಅಷ್ಟೇ ಹರಿವಿಗೆ ಒತ್ತಡದ ನಷ್ಟ ಹೆಚ್ಚುಕಡಿಮೆ 32 ಪಟ್ಟಾಗುತ್ತದೆ. ಹತ್ತು ಹಾಸಿಗೆಗೆಂದು ಎಳೆದ ಲೈನಿಗೆ ಮೂವತ್ತು ಹಾಸಿಗೆ ಸೇರಿಸಿದಾಗ ಕೊನೆಯ ಹಾಸಿಗೆಯವರಿಗೆ ಏನು ಉಳಿಯುತ್ತದೆಂದು ಟ್ಯಾಂಕಿನ ಮುಳ್ಳು ಹೇಳುವುದಿಲ್ಲ. ವಾರ್ಡಿನ ಗೋಡೆಯಲ್ಲಿರುವ ಒತ್ತಡದ ಅಲಾರಂ ಹೇಳುತ್ತದೆ, ಅದನ್ನು ಹಾಕಿದ್ದರೆ, ಅದರ ಶಬ್ದ ಕೇಳುವಲ್ಲಿ ರಾತ್ರಿಯೂ ಒಬ್ಬರು ಕೂತಿದ್ದರೆ.

ಇದಕ್ಕೊಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಚಾಮರಾಜನಗರದಲ್ಲಿ ಆ ರಾತ್ರಿ ಪೈಪು ಕಟ್ಟಿಕೊಂಡಿರಲಿಲ್ಲ, ಆಮ್ಲಜನಕವೇ ಇರಲಿಲ್ಲ; ದೇಶವೇ ಉಸಿರಿಗಾಗಿ ಪರದಾಡುತ್ತಿದ್ದಾಗ ಪೈಪಿನ ವಿನ್ಯಾಸ ಏನು ಮಾಡೀತು? ವಿನ್ಯಾಸ ಆಮ್ಲಜನಕವನ್ನು ಹುಟ್ಟಿಸುವುದಿಲ್ಲ, ನಿಜ. ಅದು ಕೊಡುವುದು ಸಮಯ. ತುಂಬಿಸುವ ಘಟಕ ಎಷ್ಟು ದೂರ, ಲಾರಿ ಹೋಗಿ ತುಂಬಿಸಿಕೊಂಡು ಬರಲು ಎಷ್ಟು ಗಂಟೆ, ರಾತ್ರಿ ಘಟಕ ತೆರೆದಿರುತ್ತದೆಯೇ ಎಂಬುದನ್ನೆಲ್ಲ ಲೆಕ್ಕ ಹಾಕಿ ಮೀಸಲು ಎಷ್ಟಿರಬೇಕೆಂದು ಮೊದಲೇ ನಿರ್ಧರಿಸುವುದು ವಿನ್ಯಾಸದ ಭಾಗ. ಮೈಸೂರು ನಗರದೊಳಗಿನ ಆಸ್ಪತ್ರೆಗೆ ಸಾಕಾಗುವ ಮೀಸಲು, ಸುಮಾರು 60 ಕಿಲೋಮೀಟರ್ ಆಚೆಯ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಸಾಕಾಗದು. ಮಟ್ಟ ಇಳಿಯುತ್ತಿದೆ ಎಂಬ ಎಚ್ಚರಿಕೆ ಮಧ್ಯಾಹ್ನವೇ ಮೊಳಗಿದರೆ ರೋಗಿಗಳನ್ನು ಸಾಗಿಸಬಹುದು, ಅಕ್ಕಪಕ್ಕದ ಆಸ್ಪತ್ರೆಗಳನ್ನು ಕೇಳಬಹುದು, ಹರಿವು ತಗ್ಗಿಸಬಹುದು. ನಡುರಾತ್ರಿ ಗೊತ್ತಾದರೆ ಫೋನ್ ಮಾಡುವುದೊಂದೇ ಉಳಿಯುತ್ತದೆ. ಮೈಸೂರು ಕೊಟ್ಟಿತೋ ಬಿಟ್ಟಿತೋ ಎಂಬ ಜಗಳ ಜೋರಾಗಿಯೇ ನಡೆಯಿತು; ಎಚ್ಚರಿಕೆ ಎಷ್ಟು ಗಂಟೆಗೆ, ಯಾರ ಕಿವಿಗೆ ಬೀಳಬೇಕಿತ್ತು ಎಂಬ ಪ್ರಶ್ನೆಯನ್ನು ಅಷ್ಟೇ ಜೋರಾಗಿ ಯಾರೂ ಕೇಳಲಿಲ್ಲ.

ಉಳಿದ ಕೆಲವು ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ನೀರಿನ ಪೈಪು ಜೋಡಿಸುವವರೇ ಆಮ್ಲಜನಕದ ಪೈಪನ್ನೂ ಜೋಡಿಸಬಹುದು ಎನ್ನುವುದು ತಪ್ಪು: ಜಿಡ್ಡು ತೆಗೆದ ತಾಮ್ರದ ಕೊಳವೆಯನ್ನು ಒಳಗೆ ನೈಟ್ರೋಜನ್ ಹರಿಸುತ್ತ ಬ್ರೇಜ್ ಮಾಡದಿದ್ದರೆ ಒಳಗೋಡೆಯಲ್ಲಿ ಕರಿ ಹಿಡಿದು ಉದುರುತ್ತದೆ. ವಾಲ್ವ್ ಬಿಗಿಯಾದರೆ ಎಣ್ಣೆ ಬಿಡಬಹುದು ಎನ್ನುವುದು ಬೆಂಕಿಗೆ ಆಹ್ವಾನ. ಆವರಣದಲ್ಲಿ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕವಿದ್ದರೆ ಯಾರ ಹಂಗೂ ಇಲ್ಲ ಎನ್ನುವವರು, ಅದು ಕರೆಂಟಿನ ಮೇಲೆ ಓಡುತ್ತದೆ ಎಂಬುದನ್ನು ನೆನಪಿಡಲಿ.

ಪೈಪಿಗೆ ಬಣ್ಣ ಬಳಿದು ಹೆಸರು ಬರೆದರೆ ಒಳಗೆ ಅದೇ ಅನಿಲ ಇರುತ್ತದೆ ಎಂಬ ನಂಬಿಕೆಗೆ ಮಾತ್ರ ಎರಡು ಮಾತು ಬೇಕು. 2016ರ ಮೇ ತಿಂಗಳಲ್ಲಿ ಇಂದೋರಿನ ಎಂ.ವೈ. ಆಸ್ಪತ್ರೆಯ ಹೊಸ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಆಮ್ಲಜನಕದ ಬದಲು ನೈಟ್ರಸ್ ಆಕ್ಸೈಡ್ ಹೋಗಿ ಇಬ್ಬರು ಮಕ್ಕಳು ಸತ್ತರು. ಅದೇ ವರ್ಷ ಸಿಡ್ನಿಯ ಬ್ಯಾಂಕ್‌ಸ್ಟೌನ್-ಲಿಡ್‌ಕಂಬ್ ಆಸ್ಪತ್ರೆಯಲ್ಲಿ ಅದೇ ತಪ್ಪಿಗೆ ಒಂದು ನವಜಾತ ಶಿಶು ಸತ್ತಿತು, ಇನ್ನೊಂದರ ಮೆದುಳಿಗೆ ಹಾನಿಯಾಯಿತು. ಶ್ರೀಮಂತ ದೇಶ, ಬಡ ದೇಶ ಎಂಬ ಭೇದವಿಲ್ಲದೆ ಎರಡೂ ಕಡೆ ಜನ ನಂಬಿದ್ದು ಗೋಡೆಯ ಮೇಲಿನ ಬರಹವನ್ನು. ಒಂದೊಂದೇ ಅನಿಲವನ್ನು ಬಿಟ್ಟು, ಉಳಿದೆಲ್ಲ ಲೈನ್ ಖಾಲಿ ಇಟ್ಟು, ಪ್ರತಿ ಔಟ್‌ಲೆಟ್‌ಗೂ ಮೀಟರ್ ಹಿಡಿದು ಆಮ್ಲಜನಕದ ಪ್ರಮಾಣ ಅಳೆಯುವ ಪರೀಕ್ಷೆ ಅಂಥ ತಪ್ಪನ್ನು ಮೊದಲ ರೋಗಿ ಬರುವ ಮುಂಚೆಯೇ ತೋರಿಸಿಕೊಡುತ್ತದೆ.

ಕರ್ಪೂರ, ಲವಂಗ, ಓಮವನ್ನು ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ರಕ್ತದ ಆಮ್ಲಜನಕ ಏರುತ್ತದೆ ಎಂದು ಅದೇ 2021ರಲ್ಲಿ ಫೋನಿನಿಂದ ಫೋನಿಗೆ ಹರಿದಾಡಿದ ಮಾತನ್ನು ವಿದ್ಯಾವಂತರು ಮೂಢನಂಬಿಕೆ ಎಂದರು. ತುಂಬಿದ ಟ್ಯಾಂಕಿನ ಫೋಟೋ ನೋಡಿ ನಿಶ್ಚಿಂತರಾಗುವುದೂ ಅದೇ ಜಾತಿಯದು. ಎರಡರಲ್ಲೂ ಕಣ್ಣಿಗೆ ಕಾಣುವ ವಸ್ತುವನ್ನು ನಂಬುತ್ತೇವೆ, ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಗಳೇ ಬಂದು ಚಾಮರಾಜನಗರದ ಯಡಪುರದಲ್ಲಿ 450 ಹಾಸಿಗೆಗಳ ಬೋಧನಾ ಆಸ್ಪತ್ರೆ ಉದ್ಘಾಟಿಸಿದರು. ಕಟ್ಟಡ ದೊಡ್ಡದು, ಜಿಲ್ಲೆಗೆ ಬೇಕಾದದ್ದೇ. ಅದಕ್ಕಾಗಲಿ, ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗಾಗಲಿ ಜನಪ್ರತಿನಿಧಿಗಳು ಮುಂದಿನ ಸಲ ಹೋದಾಗ ಟ್ಯಾಂಕಿನ ಮುಂದೆ ನಿಲ್ಲುವ ಬದಲು ಮೂರು ವಿಷಯ ಕೇಳಲಿ: ಮುಖ್ಯ ಲೈನನ್ನು ಬೇಕೆಂದೇ ಮುಚ್ಚಿ ಎರಡನೆಯ ಮೂಲ ಶುರುವಾಗುತ್ತದೆಯೇ ಎಂದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ತಾರೀಖು, ಅಲಾರಂ ಬಡಿದರೆ ರಾತ್ರಿ ಎರಡು ಗಂಟೆಗೆ ಎದ್ದು ಬರುವವರು ಯಾರು, ಅವರಿಗೆ ಕೈಯಿಂದ ವಾಲ್ವ್ ತಿರುಗಿಸಲು ಯಾರಾದರೂ ಕಲಿಸಿದ್ದಾರೆಯೇ.