ಅಕಾಲ ವಲ್ಕನೀಕರಣ ನಿರೋಧಕಗಳು

ಅಕಾಲ ವಲ್ಕನೀಕರಣ ನಿರೋಧಕಗಳು ಎಂದರೆ ರಬ್ಬರಿನ ಮಿಶ್ರಣವು ಅಚ್ಚನ್ನು ಸೇರುವ ಮುನ್ನವೇ ಗಟ್ಟಿಯಾಗುವುದನ್ನು ತಡೆಯಲು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕ ವಸ್ತುಗಳು. ಹೀಗೆ ಅವಧಿಗೆ ಮೊದಲೇ ಗಟ್ಟಿಯಾಗುವ ದೋಷವನ್ನು ರಬ್ಬರ್ ಉದ್ಯಮದಲ್ಲಿ ‘ಸ್ಕಾರ್ಚ್’ ಎಂದು ಕರೆಯುತ್ತಾರೆ. ಟಯರು, ಕನ್ವೇಯರ್ ಬೆಲ್ಟು, ಕೊಳವೆ ಮುಂತಾದವುಗಳ ತಯಾರಿಕೆಯಲ್ಲಿ ಈ ವಸ್ತುಗಳ ಬಳಕೆ ವ್ಯಾಪಕವಾಗಿದೆ. ಇವುಗಳಲ್ಲಿ ಪ್ರಮುಖವಾದುದು ಸೈಕ್ಲೋಹೆಕ್ಸೈಲ್‌ಥಯೋ ಥ್ಯಾಲಿಮೈಡ್. ಇದನ್ನು ಸಂಕ್ಷೇಪವಾಗಿ ಸಿಟಿಪಿ ಅಥವಾ ಪಿವಿಐ ಎನ್ನುತ್ತಾರೆ.

ಹಿನ್ನೆಲೆ

ಕಚ್ಚಾ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅದನ್ನು ಗಂಧಕದೊಡನೆ ಕಾಯಿಸಿದರೆ ಈ ದೋಷಗಳು ನೀಗುತ್ತವೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ರೋಮನ್ನರ ಅಗ್ನಿದೇವತೆಯಾದ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೀಕರಣ ಎಂಬ ಹೆಸರು ಬಂದಿತು. ಇದರಲ್ಲಿ ಗಂಧಕದ ಪರಮಾಣುಗಳು ರಬ್ಬರಿನ ಉದ್ದನೆಯ ಅಣುಸರಪಣಿಗಳ ನಡುವೆ ಅಡ್ಡಬಂಧಗಳನ್ನು ಕಟ್ಟುತ್ತವೆ.

ಕೇವಲ ಗಂಧಕದಿಂದ ನಡೆಯುವ ವಲ್ಕನೀಕರಣಕ್ಕೆ ಹಲವು ಗಂಟೆಗಳು ಬೇಕು. 1906ರಲ್ಲಿ ಜಾರ್ಜ್ ಓನ್ಸ್‌ಲೇಗರ್ ಎಂಬ ರಸಾಯನಶಾಸ್ತ್ರಜ್ಞನು ಅನಿಲೀನ್ ಈ ಕ್ರಿಯೆಗೆ ವೇಗ ನೀಡುತ್ತದೆ ಎಂದು ತೋರಿಸಿದನು. ಬಳಿಕ ಥಯಾಜೋಲ್ ಮತ್ತು ಸಲ್ಫೆನಮೈಡ್ ವರ್ಗದ ವೇಗವರ್ಧಕಗಳು ಬಂದು ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಆದರೆ ವೇಗ ಹೆಚ್ಚಿದಂತೆ, ಬೇಡದ ಹೊತ್ತಿನಲ್ಲಿ ಕ್ರಿಯೆ ಆರಂಭವಾಗುವ ಅಪಾಯವೂ ಹೆಚ್ಚಿತು.

ಸ್ಕಾರ್ಚ್ ಉಂಟಾಗುವ ಬಗೆ

ರಬ್ಬರನ್ನು ಕಾರ್ಬನ್ ಬ್ಲ್ಯಾಕ್ ಮೊದಲಾದ ಪೂರಕಗಳೊಡನೆ ಯಂತ್ರದಲ್ಲಿ ನಾದುವಾಗ ಘರ್ಷಣೆಯಿಂದಲೇ ಶಾಖ ಹುಟ್ಟುತ್ತದೆ. ಆದ್ದರಿಂದ ಗಂಧಕವನ್ನೂ ವೇಗವರ್ಧಕವನ್ನೂ ಸಾಮಾನ್ಯವಾಗಿ ಕೊನೆಯ ಹಂತದಲ್ಲಿ, ಸುಮಾರು 100ರಿಂದ 110 ಡಿಗ್ರಿ ಸೆಲ್ಸಿಯಸ್ ಮೀರದಂತೆ ಬೆರೆಸುತ್ತಾರೆ. ಆ ಬಳಿಕವೂ ಮಿಶ್ರಣವು ಹಾಳೆಯಾಗಿ ಅಥವಾ ಪಟ್ಟಿಯಾಗಿ ರೂಪುಗೊಳ್ಳುವಾಗ ಮತ್ತೆ ಮತ್ತೆ ಬಿಸಿಯಾಗುತ್ತದೆ. ಪ್ರತಿ ಹಂತದ ಶಾಖವೂ ಸುರಕ್ಷಿತ ಅವಧಿಯ ಒಂದು ಪಾಲನ್ನು ಕಬಳಿಸುತ್ತದೆ. ಮಿಶ್ರಣವನ್ನು ತಣಿಸಿದ ಮಾತ್ರಕ್ಕೆ ಕಳೆದುಹೋದ ಅವಧಿ ಮರಳಿ ಬರುವುದಿಲ್ಲ.

ಸುಟ್ಟ ಮಡಕೆಯನ್ನು ಮತ್ತೆ ಹಸಿಮಣ್ಣಾಗಿಸಿ ತಿಗರಿಗೆ ಏರಿಸಲಾಗದು. ಅಡ್ಡಬಂಧಗಳು ಕಟ್ಟಿಕೊಂಡ ರಬ್ಬರೂ ಹಾಗೆಯೇ. ಅದು ಅಚ್ಚಿನೊಳಗೆ ಸರಿಯಾಗಿ ಹರಿಯುವುದಿಲ್ಲ, ಪದರಗಳು ಪರಸ್ಪರ ಬೆಸೆಯುವುದಿಲ್ಲ, ಮೇಲ್ಮೈ ಗಂಟುಗಂಟಾಗುತ್ತದೆ. ಇಂತಹ ಮಿಶ್ರಣವನ್ನು ಬಹುಮಟ್ಟಿಗೆ ಎಸೆಯಬೇಕಾಗುತ್ತದೆ. ಅದು ಗಮನಕ್ಕೆ ಬಾರದೆ ಟಯರಿನೊಳಗೆ ಸೇರಿಹೋದರೆ ಪದರಗಳ ಅಂಟು ದುರ್ಬಲವಾಗಿ, ಓಡುವ ವಾಹನದಲ್ಲಿ ಅವು ಬಿಟ್ಟುಕೊಳ್ಳುವ ಸಂಭವವಿರುತ್ತದೆ.

ಸುರಕ್ಷಿತ ಅವಧಿಯನ್ನು ಅಳೆಯಲು ಮೆಲ್ವಿನ್ ಮೂನಿ 1930ರ ದಶಕದಲ್ಲಿ ರೂಪಿಸಿದ ಸ್ನಿಗ್ಧತಾಮಾಪಕವನ್ನು ಬಳಸುತ್ತಾರೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿಶ್ರಣದ ಸ್ನಿಗ್ಧತೆ ಅದರ ಕನಿಷ್ಠ ಮಟ್ಟದಿಂದ 5 ಮೂನಿ ಮಾನಗಳಷ್ಟು ಏರಲು ಹಿಡಿಯುವ ಕಾಲವೇ ಸ್ಕಾರ್ಚ್ ಅವಧಿ.

ಹಳೆಯ ಮಂದಕಗಳು

ಮೊದಲು ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯಿಕ್ ಆಮ್ಲ, ಥ್ಯಾಲಿಕ್ ಅನ್‌ಹೈಡ್ರೈಡ್ ಮುಂತಾದ ಆಮ್ಲೀಯ ವಸ್ತುಗಳು ಬಳಕೆಯಲ್ಲಿದ್ದವು. ಇವು ಕ್ರಿಯೆಯ ಆರಂಭವನ್ನು ತಡಮಾಡುವುದರ ಜೊತೆಗೆ ಮುಂದಿನ ವೇಗವನ್ನೂ ತಗ್ಗಿಸುತ್ತಿದ್ದವು. ಸಲ್ಫೆನಮೈಡ್ ವೇಗವರ್ಧಕಗಳಿರುವೆಡೆ ಇವುಗಳ ಪ್ರಯೋಜನವೂ ಅಲ್ಪವಾಗಿತ್ತು. ನೈಟ್ರೋಸೋಡೈಫಿನೈಲಮೈನ್ ಎಂಬ ಮತ್ತೊಂದು ವಸ್ತುವು ರಬ್ಬರಿಗೆ ಕಲೆ ಹಿಡಿಸುತ್ತಿತ್ತು. ಅದಕ್ಕಿಂತ ಗಂಭೀರವಾದುದೆಂದರೆ, ಅದು ಮಿಶ್ರಣದಲ್ಲಿನ ಇತರ ಅಮೈನುಗಳೊಡನೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳನ್ನು ಉಂಟುಮಾಡಬಲ್ಲದು. ಕಾರ್ಖಾನೆಯ ಗಾಳಿಯನ್ನು ಉಸಿರಾಡುವ ಕಾರ್ಮಿಕರ ಆರೋಗ್ಯದ ದೃಷ್ಟಿಯಿಂದ ಇದರ ಬಳಕೆ ಹಿಂದೆ ಸರಿಯಿತು.

ಸಿಟಿಪಿಯ ಕಾರ್ಯವಿಧಾನ

ಅಮೆರಿಕದ ಮೊನ್ಸಾಂಟೊ ಕಂಪನಿಯು ‘ಸ್ಯಾಂಟೊಗಾರ್ಡ್ ಪಿವಿಐ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದ ಸಿಟಿಪಿಯು ಹಳೆಯ ಮಂದಕಗಳ ಮುಖ್ಯ ಕೊರತೆಯನ್ನು ನೀಗಿಸಿತು. ಇದು ಆರಂಭವನ್ನು ಮಾತ್ರ ಮುಂದೂಡುತ್ತದೆ. ಆರಂಭವಾದ ಮೇಲೆ ವಲ್ಕನೀಕರಣವು ಬಹುತೇಕ ಎಂದಿನ ವೇಗದಲ್ಲೇ ಸಾಗುತ್ತದೆ.

ಸಲ್ಫೆನಮೈಡ್ ಬಿಸಿಯಾದಾಗ ಮರ್ಕ್ಯಾಪ್ಟೋಬೆಂಜೋಥಯಾಜೋಲ್ ಎಂಬ ವಸ್ತು ಹುಟ್ಟುತ್ತದೆ. ಅದು ಉಳಿದ ಸಲ್ಫೆನಮೈಡಿನೊಡನೆ ವರ್ತಿಸಿ ಕ್ರಿಯೆಯನ್ನು ಮುಂದೊತ್ತುತ್ತದೆ, ಮತ್ತು ಆ ಸರಣಿಯಲ್ಲಿ ತಾನೇ ಮತ್ತೆ ಹುಟ್ಟುತ್ತದೆ. ಕಿಡಿಯಿಂದ ಕಿಡಿ ಹಬ್ಬಿದಂತೆ ವೇಗ ಏರುತ್ತದೆ. ಸಿಟಿಪಿಯು ಈ ಮರ್ಕ್ಯಾಪ್ಟೋಬೆಂಜೋಥಯಾಜೋಲ್ ಹುಟ್ಟಿದೊಡನೆ ಅದರೊಂದಿಗೆ ಕೂಡಿ ಥ್ಯಾಲಿಮೈಡ್ ಮತ್ತು ಒಂದು ಡೈಸಲ್ಫೈಡ್ ಸಂಯುಕ್ತವಾಗಿ ಮಾರ್ಪಡುತ್ತದೆ. ಸಿಟಿಪಿ ಮುಗಿಯುವವರೆಗೆ ಸರಣಿ ಬೆಳೆಯುವುದಿಲ್ಲ. ಅದು ಮುಗಿದೊಡನೆ ತಡೆ ತೆರವಾಗುತ್ತದೆ. ಆದ್ದರಿಂದಲೇ ಸಿಟಿಪಿಯ ಪ್ರಮಾಣವನ್ನು ಹೊಂದಿಸಿ ಸ್ಕಾರ್ಚ್ ಅವಧಿಯನ್ನು ಬೇಕಾದಷ್ಟು ವಿಸ್ತರಿಸಬಹುದು.

ಬಳಕೆ ಮತ್ತು ಮಿತಿಗಳು

ಸಾಮಾನ್ಯವಾಗಿ 100 ಕಿಲೋಗ್ರಾಂ ರಬ್ಬರಿಗೆ 100ರಿಂದ 300 ಗ್ರಾಂ ಸಿಟಿಪಿ ಸಾಕಾಗುತ್ತದೆ. ಪ್ರಮಾಣ ಮಿತಿಮೀರಿದರೆ ಸಿದ್ಧವಸ್ತುವಿನ ಮೇಲ್ಮೈಯಲ್ಲಿ ಬಿಳಿಯ ಪುಡಿ ಹೊರಹೊಮ್ಮುತ್ತದೆ. ಸಲ್ಫೆನಮೈಡ್ ವೇಗವರ್ಧಕಗಳೊಡನೆ ಇದು ಅತ್ಯಂತ ಪರಿಣಾಮಕಾರಿ. ಗಂಧಕದ ಬದಲು ಪೆರಾಕ್ಸೈಡ್ ಬಳಸುವ ಮಿಶ್ರಣಗಳಲ್ಲಿ ಉಪಯೋಗಕ್ಕೆ ಬಾರದು. ಈ ಪುಡಿಯು ಚರ್ಮಕ್ಕೆ ಅಲರ್ಜಿ ಉಂಟುಮಾಡಬಹುದಾದ್ದರಿಂದ ಕೈಗವಸು ಧರಿಸಿ ಬಳಸಬೇಕು. ಈಗಾಗಲೇ ಗಟ್ಟಿಯಾದ ರಬ್ಬರನ್ನು ಸಿಟಿಪಿ ಸರಿಪಡಿಸಲಾರದು. ಆದುದರಿಂದ ಮಿಶ್ರಣದ ತಾಪಮಾನವನ್ನು ನಿಯಂತ್ರಿಸುವುದು, ಹಾಳೆಗಳನ್ನು ಪೇರಿಸುವ ಮುನ್ನ ಚೆನ್ನಾಗಿ ತಣಿಸುವುದು ಮತ್ತು ಮೊದಲು ಬಂದ ದಾಸ್ತಾನನ್ನು ಮೊದಲು ಬಳಸುವುದು ಇದರ ಜೊತೆಗೆ ಅನಿವಾರ್ಯ.