ಕಲಿತ ಕೈಗಳಿಗೆ ಕೇಳುವ ಕಿವಿಗಳು ಬೇಕು

ಅತ್ತಿಬೆಲೆಯಲ್ಲಿ ಪಿಟೀಲನ್ನೋ ಪಿಯಾನೊವನ್ನೋ ಕಲಿಯುವ ಮಕ್ಕಳು ಅದನ್ನು ನುಡಿಸುವುದು ಯಾರೆದುರು? ಪಿಟೀಲಿನ ಆಕಾರದಲ್ಲಿ 1980ರಲ್ಲಿ ಎದ್ದುನಿಂತ ಚೌಡಯ್ಯ ಸ್ಮಾರಕ ಭವನ ಇರುವುದು ದೂರದ ಮಲ್ಲೇಶ್ವರದ ಬದಿಗೆ; ನಡುವೆ ಹೊಸೂರು ರಸ್ತೆಯ ವಾಹನದಟ್ಟಣೆ.

ಜೋಡಿ ವಾದನ ಸುಲಭವಲ್ಲ. ಪಿಯಾನೊದ ಸ್ವರಗಳು ಶ್ರುತಿ ಮಾಡಿದಾಗಲೇ ನಿಶ್ಚಿತವಾಗಿರುತ್ತವೆ. ವೀಣೆಯಂತೆ ಮೆಟ್ಟಿಲುಗಳಿಲ್ಲದ ಪಿಟೀಲಿನಲ್ಲಿ ಸ್ವರವನ್ನು ಬೆರಳೇ ಅರಸಬೇಕು. ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುವ ಈ ವಿದ್ಯೆ ಶ್ರೋತೃಗಳ ಮುಂದೆಯೇ ಪಕ್ವವಾಗುತ್ತದೆ ಎಂಬುದು ನನ್ನ ನಂಬಿಕೆ. ನಾವಾದರೋ ಪರೀಕ್ಷೆಯ ದರ್ಜೆಗಳನ್ನು ಎಣಿಸುತ್ತ ಕುಳಿತಿದ್ದೇವೆ.

ಮೈಸೂರಿನ ಪರಂಪರೆ ಬೇರೆಯಾಗಿತ್ತು. ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ಪಿಯಾನೊ ವಾದಕರಾಗುವ ಕನಸು ಕಂಡಿದ್ದ ಜಯಚಾಮರಾಜ ಒಡೆಯರು 1940ರಲ್ಲಿ ಸಿಂಹಾಸನವೇರಬೇಕಾಯಿತು. ಆದರೂ ಸಂಗೀತವನ್ನು ಬಿಡಲಿಲ್ಲ. ಆ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಿಂದ ಬಳಲುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ಪಿಟೀಲು ಮತ್ತು ಪಿಯಾನೊಗೆಂದೇ ಮೂರು ಸೊನಾಟಾಗಳನ್ನು ರಚಿಸಿದ ಮೆಟ್ನರ್, ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು.

ಈಗ ಅರಸರಿಲ್ಲ, ಉದ್ಯಮಗಳಿವೆ, ವಸತಿ ಸಮುಚ್ಚಯಗಳಿವೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆಯವರೆಗೆ ಯಾವುದಾದರೊಂದು ಸಭಾಂಗಣ ತಿಂಗಳಿಗೊಂದು ಸಂಜೆ ಎಳೆಯ ವಾದಕರಿಗೆ ದೊರೆಯಲಿ. ಶ್ರುತಿಗೊಳಿಸಿದ ಒಂದು ಪಿಯಾನೊ ಅಲ್ಲಿರಲಿ. ಪ್ರವೇಶ ಉಚಿತವಾಗಿರಲಿ; ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗೂ ಮುಂದಿನ ಸಾಲಿನಲ್ಲಿ ಜಾಗವಿರಲಿ. ಮುಂದಿನ ವಾದಕ ಅಲ್ಲಿಂದಲೇ ಎದ್ದುಬರಬಹುದು.