ಕರಾವಳಿಯ ಚಳಿಗಾಲದ ಅತಿಥಿಗಳು

ಮಳೆಗಾಲ ಮುಗಿಯುತ್ತಿದ್ದಂತೆ ರಾಜ್ಯದ ಕರಾವಳಿಗೆ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಕಂದುತಲೆಯ ಗಲ್ ಹಕ್ಕಿಯ ತವರು ಟಿಬೆಟ್ ಹಾಗೂ ಮಧ್ಯ ಏಷ್ಯಾದ ಎತ್ತರದ ಸರೋವರಗಳು. ಕರ್ಲ್ಯೂ ಸ್ಯಾಂಡ್‌ಪೈಪರ್ ಮರಿ ಮಾಡುವುದು ಸೈಬೀರಿಯಾದ ಶೀತಬಯಲಿನಲ್ಲಿ. ಏಪ್ರಿಲ್ ವೇಳೆಗೆ ಬಹುತೇಕ ಹಕ್ಕಿಗಳು ಮರಳುತ್ತವೆ.

ಇವುಗಳನ್ನು ನೋಡಲು ನದಿ ಕಡಲು ಸೇರುವ ಅಳಿವೆಗಳು ಪ್ರಶಸ್ತ. ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂಬ ಮನ್ನಣೆ ಪಡೆದಿದೆ. ಇಳಿತದ ವೇಳೆ ಸ್ಥಳೀಯರು ಚಿಪ್ಪಿಕಲ್ಲು ಆಯುವ ಕೆಸರುಬಯಲೇ ಹಕ್ಕಿಗಳಿಗೂ ಅನ್ನದ ತಟ್ಟೆ. ಆಗ ಅವು ಹುಳು, ಸಣ್ಣ ಏಡಿಗಳನ್ನು ಹೆಕ್ಕುತ್ತ ದೂರದೂರ ಚದುರಿರುತ್ತವೆ. ಉಬ್ಬರ ಏರಿದಂತೆ ದಡದತ್ತ ಸರಿದು, ಗುಂಪುಗೂಡಿ ವಿಶ್ರಮಿಸುತ್ತವೆ.

ಆದ್ದರಿಂದ ಛಾಯಾಗ್ರಾಹಕರು ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊದಲು ನೋಡಬೇಕು. ನೀರು ಏರುವ ಮುನ್ನವೇ ಸೂರ್ಯನಿಗೆ ಬೆನ್ನು ಹಾಕಿ ತಗ್ಗಿ ಕುಳಿತರೆ, ಹಕ್ಕಿಗಳು ತಾವಾಗಿಯೇ ಸಮೀಪಿಸುತ್ತವೆ. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟದಲ್ಲಿದ್ದರೆ ಚಿತ್ರಕ್ಕೆ ಜೀವಕಳೆ ಬರುತ್ತದೆ.

ಹಾರಾಟದ ಚಿತ್ರಕ್ಕೆಂದು ಗುಂಪನ್ನು ಬೆದರಿಸುವುದು ಸಲ್ಲದು. ಹಕ್ಕಿಗಳು ಮರುಪ್ರಯಾಣಕ್ಕೆಂದು ಮೈಯಲ್ಲಿ ಕೂಡಿಟ್ಟ ಕೊಬ್ಬು ಪ್ರತಿ ಹಾರಾಟದಲ್ಲೂ ಕರಗುತ್ತದೆ. ಮೇಯುವ ಹೊತ್ತೂ ಕಳೆದುಹೋಗುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲೋವರ್‌ಗಳ ಸಂಖ್ಯೆ ಕುಸಿದಿರುವುದರಿಂದ 2024ರಲ್ಲಿ ಐಯುಸಿಎನ್ ಅವುಗಳನ್ನು ಅಪಾಯದಂಚಿನ ಪ್ರಭೇದಗಳ ಸಾಲಿಗೆ ಸೇರಿಸಿತು. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಶ್ಚಲವಾಗಿ ನಿಂತರೆ ನಾವು ತೀರಾ ಹತ್ತಿರವಾದೆವೆಂದು ಅರ್ಥ. ಅಲ್ಲಿಂದ ಮೆಲ್ಲನೆ ಹಿಂದೆ ಸರಿಯುವುದೇ ಲೇಸು.